ಕೆಟ್ಟ ನೆಗೆಟಿವ್, ಒಳ್ಳೆಯ ಚಿತ್ರ: ಕಪ್ಪು-ಬಿಳುಪು ಫಿಲಂನ ಆಕಸ್ಮಿಕಗಳಿಗೊಂದು ದೋಷ ನಿವಾರಣೆ ಕೈಪಿಡಿ

ತೊಳೆದ ರೋಲ್ ಒಣಗಿದ ಮೇಲೆ ಮೊದಲು ಚಿತ್ರ ನೋಡಬೇಡಿ, ಅಂಚು ನೋಡಿ. 35 ಮಿ.ಮೀ. ಫಿಲಂನ ಎರಡೂ ಬದಿಯಲ್ಲಿ ರಂಧ್ರಗಳ ಆಚೆ ಕಂಪನಿಯ ಹೆಸರು, ಫಿಲಂನ ಹೆಸರು, ಫ್ರೇಮ್ ನಂಬರು ಇರುತ್ತವಲ್ಲ, ಅವನ್ನು ಶಾಯಿಯಲ್ಲಿ ಅಚ್ಚು ಹಾಕಿರುವುದಿಲ್ಲ. ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದಿರುತ್ತಾರೆ. ನಿಮ್ಮ ಚಿತ್ರಗಳ ಜೊತೆಗೇ ಅವೂ ಡೆವಲಪರಿನಲ್ಲಿ, ಅಂದರೆ ಚಿತ್ರ ಮೂಡಿಸುವ ದ್ರಾವಣದಲ್ಲಿ, ಮೂಡಿ ಬರುತ್ತವೆ. ಹಾಗಾಗಿ ನಿಮ್ಮ ಕ್ಯಾಮೆರಾಕ್ಕೂ ನಿಮ್ಮ ಕೈಗೂ ಸಂಬಂಧವೇ ಇಲ್ಲದ ಒಬ್ಬ ಸಾಕ್ಷಿ ಪ್ರತಿ ರೋಲಿನಲ್ಲೂ ಇದ್ದೇ ಇರುತ್ತಾನೆ.

ಅಂಚಿನ ಅಕ್ಷರ ಕಪ್ಪಗೆ ಚೊಕ್ಕವಾಗಿ ಬಂದು ಫ್ರೇಮುಗಳು ಮಾತ್ರ ಖಾಲಿ ಇದ್ದರೆ ತೊಳೆದದ್ದು ಸರಿಯಾಗಿದೆ, ಫಿಲಂಗೆ ಬೆಳಕೇ ಬಿದ್ದಿಲ್ಲ ಎಂದರ್ಥ. ಫಿಲಂನ ತುದಿ ಸ್ಪೂಲಿಗೆ ಸಿಕ್ಕಿಕೊಳ್ಳದೆ ಜಾರಿರಬಹುದು, ಷಟರ್ ತೆರೆಯದೆ ಇದ್ದಿರಬಹುದು, ಲೆನ್ಸಿನ ಬದಲು ಬೇರೆ ಕಿಂಡಿಯಿಂದ ನೋಡುವ ರೇಂಜ್‌ಫೈಂಡರ್ ಆದರೆ ಲೆನ್ಸಿನ ಮುಚ್ಚಳ ಹಾಕಿಯೇ ರೋಲ್ ಮುಗಿಸಿರಬಹುದು. ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ, ಫಿಲಂ ಗಾಜಿನಂತೆ ತಿಳಿಯಾಗಿದೆ ಎಂದರೆ ಡೆವಲಪರ್ ಸತ್ತಿದೆ, ಇಲ್ಲವೇ ಅದಕ್ಕಿಂತ ಮೊದಲು, ಉಳಿದ ಬೆಳ್ಳಿ ಲವಣ ಕರಗಿಸುವ ಫಿಕ್ಸರ್ ಸುರಿದಿದ್ದೀರಿ. ಅಕ್ಷರವೂ ಚಿತ್ರವೂ ಎರಡೂ ಸಪ್ಪೆಯಾದರೆ ಡೆವಲಪ್ ಸಾಲದು. ಅಕ್ಷರ ಗಟ್ಟಿಯಾಗಿದ್ದು ಚಿತ್ರ ಮಾತ್ರ ಸಪ್ಪೆಯಾದರೆ ಕ್ಯಾಮೆರಾದಲ್ಲಿ ಬಿದ್ದ ಬೆಳಕು, ಅಂದರೆ ಎಕ್ಸ್‌ಪೋಷರ್ ಸಾಲದು. ಆದಿಯಿಂದ ಅಂತ್ಯದವರೆಗೆ ಅಂಚೂ ಸೇರಿ ಕಪ್ಪಾಗಿದ್ದರೆ ರೋಲ್ ಪೂರ್ತಿ ಬೆಳಕಿಗೆ ಬಿದ್ದಿದೆ, ಅದರಲ್ಲಿ ಹುಡುಕುವುದಕ್ಕೆ ಏನೂ ಇಲ್ಲ.

ಈ ಮೊದಲ ನೋಟಕ್ಕೆ ಅರ್ಧ ನಿಮಿಷ ಸಾಕು. ಮುಂದಿನದೆಲ್ಲ ಅರ್ಧಂಬರ್ಧ ಕೆಟ್ಟವುಗಳ ವಿಚಾರ. ನನಗೆ ಆಸಕ್ತಿ ಇರುವುದೂ ಅವುಗಳಲ್ಲೇ. ಮೂವತ್ತಾರರ ರೋಲಿನಲ್ಲಿ ಕೆಟ್ಟ ಒಂದು ಫ್ರೇಮು ಕೆಲವೊಮ್ಮೆ ನೆಟ್ಟಗಿರುವ ಉಳಿದ ಮೂವತ್ತೈದಕ್ಕಿಂತ ಚೆನ್ನಾಗಿರುತ್ತದೆ. ಅದನ್ನು ಕಂಡು ಖುಷಿಪಡುವುದು ಸುಲಭ, ಮತ್ತೆ ಬೇಕೆಂದಾಗ ತರಿಸುವುದು ಕಷ್ಟ. ಕಾರಣ ಪತ್ತೆಯಾದರೆ ಮಾತ್ರ ಆಕಸ್ಮಿಕ ನಿಮ್ಮ ಕೈಯ ಕಸುಬಾಗುತ್ತದೆ.

ಬೆಳಕು ಹೊಡೆದಿದೆ, ಆದರೆ ಎಲ್ಲಿಂದ?

ಅತಿ ಹೆಚ್ಚು ಬರುವ ದೂರು ಇದು. ನೆಗೆಟಿವಿನಲ್ಲಿ ಕಪ್ಪು ನಾಲಿಗೆ, ಪ್ರಿಂಟಿನಲ್ಲಿ ಬಿಳಿ ಜ್ವಾಲೆ. ನೆರೆಮನೆಯ ಹುಡುಗ ಒಬ್ಬ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ತೆಗೆದ ರೋಲ್ ತಂದಿದ್ದ. ತಾತನ ಕಾಲದ ಎಸ್ಎಲ್ಆರ್, ಅಂದರೆ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ. ಕಡಲೆಕಾಯಿ ರಾಶಿಯ ಹಿಂದೆ ಕೂತ ಅಜ್ಜಿ ಸೇರು ಎತ್ತಿ ಸುರಿಯುತ್ತಿದ್ದಾಳೆ. ಚಿತ್ರದ ಎಡಗಡೆಯಿಂದ ಒಂದು ಬಿಳಿ ಪಟ್ಟಿ ನುಗ್ಗಿ ಬಂದು ಅವಳ ಕೈಯ ಹತ್ತಿರ ಕರಗಿಹೋಗಿದೆ. ಸೇರಿನಿಂದ ಬೆಳಕೇ ಸುರಿಯುತ್ತಿರುವ ಹಾಗೆ.

"ಅಣ್ಣಾ, ಇದನ್ನ ರಿಪೇರಿ ಮಾಡ್ಸೋದು ಬೇಡ. ಹಿಂಗೇ ಬರೋ ಥರ ಮಾಡ್ಕೊಡಿ."

"ಎಲ್ಲಾ ಫ್ರೇಮಲ್ಲೂ ಬಂದಿದ್ಯೇನೋ?"

"ಎಲ್ಲಾದ್ರಲ್ಲೂ ಇದೆ. ಆದ್ರೆ ಕೆಲವ್ರದ್ದು ಮುಖಾನೇ ತಿಂದ್ಬಿಟ್ಟಿದೆ."

ನೋಡಬೇಕಾದ ಮೊದಲ ವಿಷಯ: ಕಪ್ಪು ಕಲೆ ಫ್ರೇಮಿನ ಗೆರೆ ದಾಟಿ ರಂಧ್ರಗಳವರೆಗೆ ಹೋಗಿದೆಯೇ, ಇಲ್ಲ ಗೆರೆಯ ಒಳಗೇ ನಿಂತಿದೆಯೇ? ಒಳಗೇ ನಿಂತಿದ್ದರೆ ಬೆಳಕು ಮುಂದಿನಿಂದ, ಲೆನ್ಸಿನ ದಾರಿಯಲ್ಲೇ ಬಂದಿದೆ. ಸೂರ್ಯನ ಫ್ಲೇರ್ ಇರಬಹುದು, ಬಟ್ಟೆಯ ಷಟರ್ ಪರದೆಯಲ್ಲಿ ಸೂಜಿಮೊನೆಯಷ್ಟು ತೂತೂ ಇರಬಹುದು. ತೂತಾಗಿದ್ದರೆ ಪ್ರತಿ ಫ್ರೇಮಿನಲ್ಲೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಚುಕ್ಕೆ ಕಾಣುತ್ತದೆ, ಮುಚ್ಚಳ ತೆಗೆದು ಬಹಳ ಹೊತ್ತು ಬಿಸಿಲಿನಲ್ಲಿ ಹಿಡಿದಿದ್ದ ಫ್ರೇಮಿನಲ್ಲಿ ದಪ್ಪಗಿರುತ್ತದೆ. ರೇಂಜ್‌ಫೈಂಡರನ್ನು ಸೂರ್ಯನ ಕಡೆ ಮುಖ ಮಾಡಿ ಇಟ್ಟರೆ ಲೆನ್ಸೇ ಭೂತಗನ್ನಡಿಯಾಗಿ ಪರದೆಯನ್ನು ಸುಡುತ್ತದೆ. ಇದು ಹಳೆಯ ರೋಗ.

ಕಲೆ ಗೆರೆ ದಾಟಿ ರಂಧ್ರದ ಸಾಲಿಗೂ ಹರಡಿದ್ದರೆ ಹಿಂಬಾಗಿಲೇ ಕಳ್ಳ. ಎಪ್ಪತ್ತು-ಎಂಬತ್ತರ ದಶಕದ ಜಪಾನಿ ಎಸ್ಎಲ್ಆರ್‌ಗಳ ಹಿಂಬಾಗಿಲಿನ ಕೀಲಿನ ಹತ್ತಿರ, ತೋಡುಗಳಲ್ಲಿ ಕಪ್ಪು ಫೋಮ್ ಇರುತ್ತದೆ. ವರ್ಷಗಳು ಕಳೆದಂತೆ ಅದು ಡಾಂಬರಿನಂತೆ ಅಂಟಂಟಾಗಿ ಉದುರುತ್ತದೆ, ನಮ್ಮ ಸೆಖೆಗೆ ಇನ್ನೂ ಬೇಗ. ಬೆರಳಿಟ್ಟು ನೋಡಿ, ಕಪ್ಪು ಅಂಟಿಕೊಂಡರೆ ಆ ಫೋಮಿನ ಆಯಸ್ಸು ಮುಗಿದಿದೆ.

ಯಾವ ಬದಿಯ ಫೋಮ್ ಎಂದು ತಿಳಿಯಲು ಒಂದು ಉಪಾಯ. ಫಿಲಂ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಆದ್ದರಿಂದ ಪ್ರಿಂಟನ್ನು ತಲೆಕೆಳಗು ಮಾಡಿ, ಹಿಂಬಾಗಿಲು ತೆರೆದ ಕ್ಯಾಮೆರಾದ ಗೇಟಿನ (ಫಿಲಂ ಚಾಚಿ ನಿಲ್ಲುವ ಕಿಂಡಿಯ) ಮುಂದೆ, ಹಿಂದಿನಿಂದ ನೋಡುವಂತೆ ಹಿಡಿಯಿರಿ. ಬಿಳಿ ಜ್ವಾಲೆ ಯಾವ ಕಡೆ ಬೆರಳು ತೋರಿಸುತ್ತದೆಯೋ ಅಲ್ಲೇ ಸಂದು. ಹುಡುಗನ ಚಿತ್ರದಲ್ಲಿ ಪಟ್ಟಿ ಎಡದಿಂದ ಬಂದಿತ್ತು. ತಿರುಗಿಸಿ ಹಿಡಿದಾಗ ಬಲಗಡೆ, ಅಂದರೆ ಬಾಗಿಲಿನ ಕೀಲಿನ ಕಡೆ ಬಂತು. ಫೋಮ್ ಅಲ್ಲಿ ಪೂರ್ತಿ ಉದುರಿತ್ತು.

ಖಾತ್ರಿ ಬೇಕಾದರೆ ಒಂದು ಅಗ್ಗದ ರೋಲ್ ಬಲಿ ಕೊಡಿ. ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಇನ್ಸುಲೇಷನ್ ಟೇಪಿನಿಂದ ಮೊದಲ ಆರು ಫ್ರೇಮಿಗೆ ಕೀಲು ಮುಚ್ಚಿ, ಮುಂದಿನ ಆರಕ್ಕೆ ಚಿಲಕದ ಬದಿ, ಆಮೇಲಿನ ಆರಕ್ಕೆ ಮೇಲಿನ ಅಂಚು. ಪ್ರತಿ ಫ್ರೇಮಿಗೂ ಕ್ಯಾಮೆರಾವನ್ನು ಅಷ್ಟೇ ಹೊತ್ತು ಬಿಸಿಲಿನಲ್ಲಿ ಹಿಡಿಯಬೇಕು. ಕಲೆ ಎಲ್ಲಿ ಮಾಯವಾಯಿತೋ ಅಲ್ಲಿ ಸೋರಿಕೆ.

ಹುಡುಗನಿಗೆ ಫೋಮ್ ಬದಲಾಯಿಸಲು ಹೇಳಲಿಲ್ಲ. ಕೀಲಿನ ಮೇಲೆ ಟೇಪ್ ಹಾಕು, ಬೇಕಾದ ಫ್ರೇಮಿಗೆ ಮಾತ್ರ ಬಿಚ್ಚು, ಎಣಿಸಿಕೊಂಡು ಬಿಸಿಲಿಗೆ ತೋರಿಸು, ಮತ್ತೆ ಮುಚ್ಚು ಎಂದೆ. ಫಿಲಂ ಆ ಜಾಗದಲ್ಲಿ ಎಷ್ಟು ಹೊತ್ತು ನಿಂತಿತ್ತು ಎನ್ನುವುದರ ಮೇಲೆ ಜ್ವಾಲೆಯ ಉದ್ದ ಅವಲಂಬಿಸುತ್ತದೆ. ಮುಖ ತಿಂದ ಫ್ರೇಮುಗಳೆಲ್ಲ ಅವನು ಟೀ ಕುಡಿಯಲು ಕ್ಯಾಮೆರಾವನ್ನು ಬೆಂಚಿನ ಮೇಲೆ ಇಟ್ಟಿದ್ದ ಹೊತ್ತಿನವು.

ಸ್ಕೇಲ್ ಇಟ್ಟು ಅಳೆಯಿರಿ

ಕಲೆಗಳ ನಡುವಿನ ದೂರ ಬಹಳ ಹೇಳುತ್ತದೆ. 35 ಮಿ.ಮೀ. ಕ್ಯಾಮೆರಾ ಒಂದು ಫ್ರೇಮಿಗೆ ಎಂಟು ರಂಧ್ರದಷ್ಟು, ಎಂದರೆ 38 ಮಿ.ಮೀ. ಫಿಲಂ ಎಳೆಯುತ್ತದೆ. ಕಲೆ ಕರಾರುವಾಕ್ಕಾಗಿ 38 ಮಿ.ಮೀ.ಗೊಮ್ಮೆ ಮರುಕಳಿಸಿದರೆ ಫಿಲಂ ಗೇಟಿನಲ್ಲಿ ಚಾಚಿಕೊಂಡು ನಿಂತಿದ್ದಾಗ ಆದದ್ದು. ಅಂತರ ಬರಬರುತ್ತಾ ಕಿರಿದಾಗುತ್ತಾ ಹೋದರೆ ಫಿಲಂ ಸುರುಳಿಯಾಗಿದ್ದಾಗ ಆದದ್ದು, ಏಕೆಂದರೆ ಒಳಸುತ್ತಿಗೆ ಹೋದಂತೆ ಸುತ್ತಳತೆ ಕಡಿಮೆ. ಆಗ ಕ್ಯಾಮೆರಾವನ್ನು ಬಿಟ್ಟು ಕ್ಯಾಸೆಟ್ಟಿನ ವೆಲ್ವೆಟ್ ತುಟಿಯನ್ನೋ, ದೊಡ್ಡ ಸುರುಳಿಯಿಂದ ಕ್ಯಾಸೆಟ್ ತುಂಬುವ ಬಲ್ಕ್ ಲೋಡರನ್ನೋ ಅನುಮಾನಿಸಿ. ಸುರುಳಿಯಲ್ಲಿ ಹೊಕ್ಕ ಬೆಳಕು ಮೇಲಿನ ಪದರದ ರಂಧ್ರಗಳ ಮೂಲಕ ಕೆಳಗಿನ ಪದರಕ್ಕೆ ಇಳಿಯುತ್ತದೆ. ಚೌಕ ಚೌಕದ ಕಪ್ಪು ಗುರುತುಗಳು ಆಕಾಶದಲ್ಲಿ ಸಾಲಾಗಿ ತೇಲುತ್ತವೆ. ಕೆಲವರು ಇದನ್ನೇ ಬಯಸಿ ಕ್ಯಾಸೆಟ್ಟಿನ ಬಾಯಿಗೆ ಟಾರ್ಚ್ ಹಿಡಿಯುತ್ತಾರೆ.

ಬೆನ್ನಿಗೆ ಕಾಗದ ಸುತ್ತಿರುವ ಅಗಲದ 120 ಫಿಲಂನಲ್ಲಿ ಆಕಾಶದೊಳಗೆ ಅಂಕಿಗಳು, ಬಾಣದ ಗುರುತು ಮಸುಕಾಗಿ ಕಂಡರೆ ಅದು ಹಿಂದಿನ ಕಾಗದದ ಮೇಲಿನ ಶಾಯಿಯ ಛಾಪು. ತೇವ, ಶಾಖ, ಹಳತನ ಸೇರಿದಾಗ ಬರುತ್ತದೆ. ದುಂಡನೆಯ ಮಸುಕು ಕಂಡರೆ ಫ್ರೇಮ್ ನಂಬರು ಓದಲು ಹಿಂಬಾಗಿಲಿನಲ್ಲಿರುವ ಕೆಂಪು ಕಿಟಕಿ. ನಮ್ಮಲ್ಲಿ ಮನೆಮನೆಯಲ್ಲಿದ್ದ ಆಗ್ಫಾ ಕ್ಲಿಕ್ 3ರ ಹಿಂದೆ ಆ ಕಿಟಕಿ ಇದೆ. ಇವತ್ತಿನ ವೇಗದ ಪ್ಯಾಂಕ್ರೊಮ್ಯಾಟಿಕ್ ಫಿಲಂ ಕೆಂಪು ಬೆಳಕನ್ನೂ ನೋಡುತ್ತದೆ, ಹಾಗಾಗಿ ಫಿಲಂ ಸುತ್ತುವಾಗ ಮಾತ್ರ ನೆರಳಿನಲ್ಲಿ ತೆರೆದು ಉಳಿದ ಹೊತ್ತು ಟೇಪ್ ಹಾಕಿಡಬೇಕು.

ಯಾವ ಲೆಕ್ಕಕ್ಕೂ ಸಿಗದ ಕಲೆಗಳೂ ಇವೆ. ಕ್ಯಾಮೆರಾದೊಳಗೆ ಹೋಗಿಯೇ ಇರದ ಫಿಲಂ ಕೂಡ ಮಸುಕಾಗಬಹುದು. 1896ರ ಫೆಬ್ರವರಿ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಬಿಸಿಲಿರಲಿಲ್ಲ. ಯುರೇನಿಯಂ ಲವಣಕ್ಕೆ ಬಿಸಿಲು ತಾಗಿಸಿ ಪ್ರಯೋಗ ಮಾಡಬೇಕೆಂದಿದ್ದ ವಿಜ್ಞಾನಿ ಆನ್ರಿ ಬೆಕರೆಲ್, ಕಪ್ಪು ಕಾಗದ ಸುತ್ತಿದ ಪ್ಲೇಟನ್ನು ಲವಣದ ಜೊತೆಗೇ ಡ್ರಾಯರಿನಲ್ಲಿಟ್ಟ. ಆಮೇಲೆ ತೊಳೆದು ನೋಡಿದರೆ ಬಿಸಿಲಿಲ್ಲದೆಯೂ ಪ್ಲೇಟ್ ಗಾಢವಾಗಿ ಕಪ್ಪಾಗಿತ್ತು, ನಡುವೆ ಇಟ್ಟಿದ್ದ ಲೋಹದ ಶಿಲುಬೆಯ ನೆರಳು ಮೂಡಿತ್ತು. ವಿಕಿರಣಶೀಲತೆ ಗೊತ್ತಾದದ್ದು ಹೀಗೆ. ಫಾಗ್ ಆದ, ಅಂದರೆ ಮಸುಕು ಕವಿದ, ಪ್ಲೇಟನ್ನು ಕಸದಬುಟ್ಟಿಗೆ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ದೋಷ ಪತ್ತೆಯ ಕೆಲಸಕ್ಕೆ ನಾನು ಮಾದರಿಯೆಂದು ಇಟ್ಟುಕೊಂಡಿರುವುದು ಮಾತ್ರ 1945ರ ಇನ್ನೊಂದು ಪ್ರಸಂಗ. ಕೊಡಾಕ್‌ನ ಎಕ್ಸ್‌ರೇ ಫಿಲಂಗಳ ಮೇಲೆ ಬಳಸುವ ಮೊದಲೇ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಜೂಲಿಯನ್ ವೆಬ್ ಎಂಬ ಅಲ್ಲಿನ ವಿಜ್ಞಾನಿ ಫಿಲಂನ ಬದಲು ಅದರ ಪ್ಯಾಕಿಂಗ್ ರಟ್ಟನ್ನು ಪರೀಕ್ಷೆಗೆ ಎತ್ತಿಕೊಂಡ. ಹಿಂದೆ ಗಡಿಯಾರದ ಮುಖಕ್ಕೆ ಬಳಿಯುವ ರೇಡಿಯಂ, ರದ್ದಿ ಕಾಗದದ ಮೂಲಕ ರಟ್ಟಿಗೆ ಸೇರಿ ಇಂಥದೇ ಚುಕ್ಕೆ ತಂದಿತ್ತು. ಈ ಸಲ ಅಳೆದು ನೋಡಿದರೆ ರೇಡಿಯಂನ ಗುಣ ಇಲ್ಲ. ಚಟುವಟಿಕೆ ವಾರಗಳಲ್ಲಿ ಕುಗ್ಗುತ್ತಿದೆ, ಸುಮಾರು 32 ದಿನಕ್ಕೆ ಅರ್ಧ. ಅಷ್ಟು ಬೇಗ ಸಾಯುವುದು ಸೀರಿಯಂ-141, ಅದು ಅಣುವಿದಳನದಿಂದ ಹುಟ್ಟುವ ವಸ್ತು. ರಟ್ಟು ತಯಾರಾದದ್ದು ಇಂಡಿಯಾನಾದ ವಿನ್ಸೆನ್ಸ್‌ನಲ್ಲಿ, ವಾಬಾಷ್ ನದಿಯ ನೀರಿನಲ್ಲಿ. ಜುಲೈ 16ರಂದು ನ್ಯೂ ಮೆಕ್ಸಿಕೊದಲ್ಲಿ ಗುಟ್ಟಾಗಿ ಸಿಡಿಸಿದ್ದ ಮೊದಲ ಅಣುಬಾಂಬಿನ ಬೂದಿ ಗಾಳಿಯಲ್ಲಿ ಬಂದು ಮಳೆಯಲ್ಲಿ ಇಳಿದು ಆ ನೀರಿಗೆ ಸೇರಿತ್ತು. ವೆಬ್ ಇದನ್ನು ಪ್ರಕಟಿಸಿದ್ದು 1949ರಲ್ಲಿ. ಚುಕ್ಕೆಯಿಂದ ರಟ್ಟಿಗೆ, ರಟ್ಟಿನಿಂದ ನದಿಗೆ, ನದಿಯಿಂದ ಮೋಡಕ್ಕೆ ಹೋದ ಈ ಮನುಷ್ಯನ ಮುಂದೆ ನಮ್ಮ ಫೋಮ್ ತನಿಖೆ ಏನೂ ಅಲ್ಲ ಬಿಡಿ.

ನಮಗೆ ಇದರ ಹತ್ತಿರದ ನಂಟು ವಿಮಾನ ನಿಲ್ದಾಣ. ಇಲ್ಲಿ ಫಿಲಂ ದುಬಾರಿ ಎಂದು ವಿದೇಶದಲ್ಲಿರುವ ಮಗನ ಕೈಲೋ ಗೆಳೆಯನ ಕೈಲೋ ತರಿಸಿಕೊಳ್ಳುವವರು ಬಹಳ. ಚೆಕ್-ಇನ್ ಲಗೇಜಿನಲ್ಲಿ ಬಂದ ರೋಲಿನಲ್ಲಿ ಅಲೆಅಲೆಯ ಮಸುಕು ಪಟ್ಟಿ ಉದ್ದಕ್ಕೂ ಹರಿದಿದ್ದರೆ ಅದು ಸ್ಕ್ಯಾನರ್. ಕೈಚೀಲಕ್ಕೂ ಈಗ ಸಿಟಿ ಸ್ಕ್ಯಾನರ್ ಬರುತ್ತಿವೆ. ಫಿಲಂ ಕೈಯಲ್ಲಿ ತೋರಿಸಿ ಪರೀಕ್ಷಿಸಲು ಕೇಳಿಕೊಳ್ಳಬೇಕು. ಈ ಮಸುಕಿನಿಂದ ಸುಂದರವಾದದ್ದೇನೂ ಬಂದದ್ದನ್ನು ನಾನು ಕಂಡಿಲ್ಲ. ಇಡೀ ಚಿತ್ರ ಬೂದಿ ಬಳಿದಂತಾಗುತ್ತದೆ, ಅಷ್ಟೇ.

ಒಂದರ ಮೇಲೊಂದು ಚಿತ್ರ

ಎರಡು ಚಿತ್ರ ಬೆರೆತಿದ್ದರೆ ಫ್ರೇಮಿನ ಗೆರೆಗಳನ್ನು ನೋಡಿ. ಎರಡರ ಗೆರೆಯೂ ತಂತಾನೆ ಕೂಡಿಕೊಂಡಿದ್ದರೆ ಫಿಲಂ ಮುಂದೆ ಹೋಗದೆ ಷಟರ್ ಮಾತ್ರ ಸಜ್ಜಾಗಿದೆ: ತಳದ ರಿವೈಂಡ್ ಗುಂಡಿ ಒಳಗೇ ಸಿಕ್ಕಿಕೊಂಡಿರಬಹುದು, ರಂಧ್ರಗಳು ಹರಿದಿರಬಹುದು. ಹರಿದಿದ್ದರೆ ಅದೇ ಫ್ರೇಮಿನ ಮೇಲೆ ಉಳಿದ ಚಿತ್ರಗಳೆಲ್ಲ ಬಿದ್ದು ಆ ಒಂದು ಫ್ರೇಮು ಕಪ್ಪು ಗಟ್ಟಿಯಾಗಿರುತ್ತದೆ. ಗೆರೆಗಳು ಕೂಡದೆ ಒಂದು ಚಿತ್ರದ ನಡುವೆ ಇನ್ನೊಂದರ ಅಂಚು ಹಾದುಹೋಗಿದ್ದರೆ ಮುಗಿದ ರೋಲನ್ನೇ ಎರಡನೇ ಸಲ ಹಾಕಿದ್ದೀರಿ. ಫಿಲಂ ಸುತ್ತುವಾಗ ತುದಿಯನ್ನು ಹೊರಗೆ ಬಿಡುವ ಅಭ್ಯಾಸ ಇರುವವರಿಗೆ ಇದು ತಪ್ಪಿದ್ದಲ್ಲ.

ಬೇಕೆಂದೇ ಮಾಡುವುದಾದರೆ ಒಂದೇ ನಿಯಮ: ಮೊದಲ ಚಿತ್ರದಲ್ಲಿ ಕತ್ತಲು ಇರುವ ಜಾಗದಲ್ಲೇ ಎರಡನೆಯದು ಮೂಡುತ್ತದೆ. ಬಿಳಿ ಆಕಾಶದಲ್ಲಿ ಫಿಲಂನ ಬೆಳ್ಳಿ ಆಗಲೇ ಖರ್ಚಾಗಿರುತ್ತದೆ, ಅಲ್ಲಿ ಹೊಸದೇನೂ ಬರೆಯಲಾಗದು. ಎರಡೂ ಚಿತ್ರಕ್ಕೆ ಒಂದೊಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟೇ ಬೆಳಕು, ಕೊಟ್ಟರೆ ಒಟ್ಟು ಲೆಕ್ಕ ಸರಿಹೋಗುತ್ತದೆ.

ಟ್ಯಾಂಕಿನೊಳಗೆ ಆದ ಅನಾಹುತ

ಇಲ್ಲಿ ಬೇಗ ಬೇಗ ಹೇಳಿಬಿಡುತ್ತೇನೆ, ಇವುಗಳಲ್ಲಿ ಹೆಚ್ಚಿನವು ಬರೀ ತಲೆನೋವು. ಪ್ರಿಂಟಿನಲ್ಲಿ ದುಂಡನೆಯ ಕಪ್ಪು ಚುಕ್ಕೆಗಳಿದ್ದರೆ ಡೆವಲಪ್ ಆಗುವಾಗ ಗಾಳಿಗುಳ್ಳೆ ಅಂಟಿಕೊಂಡಿತ್ತು. ಡೆವಲಪರ್ ಸುರಿದ ಕೂಡಲೇ ಫಿಲಂ ತೊಳೆಯುವ ಟ್ಯಾಂಕನ್ನು ಮೇಜಿಗೆ ಎರಡು ಸಲ ಕುಟ್ಟಿ. ಉಗುರು ಒತ್ತಿದಂಥ ಅರ್ಧಚಂದ್ರ ಕಂಡರೆ ರೀಲಿಗೆ ಸುತ್ತುವಾಗ ಫಿಲಂ ಮಡಿಚಿದೆ. ಬೂದುಬಣ್ಣದ ಅಪಾರದರ್ಶಕ ತೇಪೆ ಇದ್ದು, ಅದೇ ಆಕಾರದ ಇನ್ನೊಂದು ತೇಪೆ ಪಕ್ಕದ ಸುತ್ತಿನಲ್ಲೂ ಇದ್ದರೆ ರೀಲಿನಲ್ಲಿ ಎರಡು ಸುತ್ತು ಅಂಟಿಕೊಂಡು ಅಲ್ಲಿಗೆ ದ್ರಾವಣವೇ ಹೋಗಿಲ್ಲ.

ಪ್ರತಿ ರಂಧ್ರದಿಂದಲೂ ಫ್ರೇಮಿನೊಳಗೆ ಒಂದೊಂದು ಗೆರೆ ಇಳಿದಿದ್ದರೆ ಅದು ಅಲುಗಾಡಿಸಿದ್ದರ ತಪ್ಪು. ನೆಗೆಟಿವಿನಲ್ಲಿ ಗೆರೆ ಗಾಢವಾಗಿದ್ದರೆ ಟ್ಯಾಂಕನ್ನು ಜೋರಾಗಿ ಕುಲುಕಿದ್ದೀರಿ, ದ್ರಾವಣ ರಂಧ್ರಗಳಿಂದ ರಭಸವಾಗಿ ನುಗ್ಗಿದೆ. ಗೆರೆ ತಿಳಿಯಾಗಿದ್ದರೆ ಕುಲುಕಿದ್ದು ಸಾಲದು: ಡೆವಲಪ್ ಆದ ಜಾಗದಿಂದ ಹೊರಬೀಳುವ ಬ್ರೋಮೈಡ್ ಭಾರಕ್ಕೆ ಕೆಳಗಿಳಿಯುತ್ತಾ ದಾರಿಯಲ್ಲಿ ಡೆವಲಪರಿನ ಕೈಕಟ್ಟುತ್ತದೆ. ರೊಡಿನಾಲನ್ನು ನೂರು ಪಟ್ಟು ನೀರಿಗೆ ಬೆರೆಸಿ ಒಂದು ಗಂಟೆ ಮುಟ್ಟದೆ ಬಿಡುವವರು ಈ ಗೆರೆಗಳನ್ನು ಬಲ್ಲರು. 1891ರಿಂದ ಇರುವ ಡೆವಲಪರ್ ಅದು, ಇವತ್ತಿಗೂ ಹೀಗೆ ಸೋಮಾರಿ ವಿಧಾನದಲ್ಲಿ ಬಳಕೆಯಲ್ಲಿದೆ. ಗೆರೆ ತಪ್ಪಿದರೆ ಸಿಗುವ ಬಹುಮಾನವೂ ಚಿಕ್ಕದಲ್ಲ: ಬೆಳಕು-ಕತ್ತಲು ಸಂಧಿಸುವ ಅಂಚುಗಳು ಕೆತ್ತಿದ ಹಾಗೆ ಚೂಪಾಗುತ್ತವೆ. ನಡುವೆ ಒಂದು ಸಲ, ಅರ್ಧ ಗಂಟೆಗೆ, ಮೆಲ್ಲಗೆ ತಿರುಗಿಸಿದರೆ ಎರಡೂ ಕಡೆ ನ್ಯಾಯ ಸಿಗುತ್ತದೆ.

ಈಗ ಬಿಸಿನೀರಿನ ವಿಷಯ, ಅದು ನಮ್ಮೂರಿನದೇ. ಫಿಲಂ ಮೇಲೆಲ್ಲ ಬೇಸಿಗೆಯ ಕೆರೆಯಂಗಳದಂತೆ ಬಿರುಕಿನ ಜಾಲ ಹರಡಿದ್ದರೆ ಅದು ರೆಟಿಕ್ಯುಲೇಷನ್. ಜೆಲಾಟಿನ್ ಉಬ್ಬಿ, ಹಠಾತ್ತನೆ ಕುಗ್ಗಿ, ಸುಕ್ಕುಗಟ್ಟಿದೆ. ಏಪ್ರಿಲ್ ತಿಂಗಳಲ್ಲಿ ನಾವು ಡೆವಲಪರನ್ನು ಐಸ್ ಇಟ್ಟು 20 ಡಿಗ್ರಿಗೆ ತರುತ್ತೇವೆ, ಆಮೇಲೆ ಮೈಮರೆತು ಮಹಡಿ ಮೇಲಿನ ಟ್ಯಾಂಕಿನ ನಲ್ಲಿ ತಿರುಗಿಸುತ್ತೇವೆ. ಮಧ್ಯಾಹ್ನದ ಬಿಸಿಲಿಗೆ ಕಾದ ಆ ನೀರಿನಲ್ಲಿ ಕೈಯಿಡುವುದೇ ಕಷ್ಟ. ಫಿಲಂಗೆ ಆ ಏರಿಳಿತವೇ ಪೆಟ್ಟು. ಎಲ್ಲ ದ್ರಾವಣಗಳನ್ನೂ, ತೊಳೆಯುವ ನೀರನ್ನೂ ಹಿಂದಿನ ರಾತ್ರಿಯೇ ಜಗ್ಗುಗಳಲ್ಲಿ ತುಂಬಿ ಒಂದೇ ಟಬ್ಬಿನಲ್ಲಿ ನಿಲ್ಲಿಸಿ. 24 ಡಿಗ್ರಿಯಾದರೂ ಚಿಂತೆಯಿಲ್ಲ, ತಯಾರಕರ ಪಟ್ಟಿಯಲ್ಲಿ ಆ ಶಾಖದ ಸಮಯ ಕೊಟ್ಟಿರುತ್ತಾರೆ. ಎಲ್ಲವೂ 24 ಆಗಿರಬೇಕು, ಅಷ್ಟೇ.

ದಪ್ಪ ಗ್ರೇನನ್ನು, ಅಂದರೆ ಬೆಳ್ಳಿಯ ಕಣಗಳನ್ನು, ರೆಟಿಕ್ಯುಲೇಷನ್ ಎಂದು ತಿಳಿಯುವವರುಂಟು. ಫಿಲಂನ ಮಂಕು ಬದಿಯನ್ನು ಮೇಲೆ ಮಾಡಿ ದೀಪಕ್ಕೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಮೈ ಉಬ್ಬುತಗ್ಗಾಗಿದ್ದರೆ ರೆಟಿಕ್ಯುಲೇಷನ್, ನಯವಾಗಿದ್ದರೆ ಗ್ರೇನ್. ಈಗಿನ ಫಿಲಂಗಳ ಜೆಲಾಟಿನ್‌ಗೆ ಗಟ್ಟಿಕಾರಕ ಬೆರೆಸಿರುವುದರಿಂದ ಬೇಕೆಂದರೂ ಈ ಬಿರುಕು ಸುಲಭವಾಗಿ ಬರುವುದಿಲ್ಲ. ಹಳೆಯ ದಾಸ್ತಾನಿನ ಫಿಲಂಗಳಲ್ಲಿ, ಉದಾಹರಣೆಗೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೋಲ್ ಎಲ್ಲಾದರೂ ಸಿಕ್ಕಿದರೆ, ಪ್ರಯೋಗ ಮಾಡಿ ನೋಡಬಹುದು. ಮುಖ್ಯವಾದ ಮದುವೆ ಫೋಟೋ ಅದರಲ್ಲಿ ಬೇಡ.

ಶಾಖದಿಂದ ಕೆಟ್ಟ ಫಿಲಂ ಎಂದರೆ ಎಲ್ಲರ ಬಾಯಲ್ಲೂ ಬರುವುದು ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾನ ಕಥೆ. 1944ರ ಜೂನ್ 6ರಂದು ಮಿತ್ರಪಡೆ ಬಂದಿಳಿದ ಫ್ರಾನ್ಸಿನ ಒಮಾಹಾ ಕಡಲತೀರದಲ್ಲಿ ತೆಗೆದ ಚಿತ್ರಗಳು ಲಂಡನ್ನಿನಲ್ಲಿ ಒಣಗಿಸುವ ಕಪಾಟಿನ ಬಿಸಿಗೆ ಕರಗಿಹೋದವು, ಬೆರಳೆಣಿಕೆಯಷ್ಟೇ ಉಳಿದವು ಎಂದು ದಶಕಗಳ ಕಾಲ ನಂಬಿದ್ದರು. ಮುಂದೆ ಬಲ್ಲವರು ಇದನ್ನು ಬಲವಾಗಿಯೇ ಪ್ರಶ್ನಿಸಿದ್ದಾರೆ. ನೆಗೆಟಿವ್ ತೊಳೆಯುವವರ ಕಣ್ಣಿಗೂ ಆ ಮಾತು ಒಪ್ಪುವುದಿಲ್ಲ: ನೀರಿನಲ್ಲಿ ತೆವಳುವ ಸೈನಿಕನ ಸುತ್ತಲಿನ ಮಸುಕು ಒಂದು ದಿಕ್ಕಿಗೆ ಎಳೆದಂತಿದೆ, ಅದು ಕ್ಯಾಮೆರಾ ಅಲುಗಿದ್ದು. ಕರಗಿದ ಎಮಲ್ಷನ್ (ಫಿಲಂ ಮೇಲಿನ ಜೆಲಾಟಿನ್ ಪದರ) ಜರುಗುತ್ತದೆ, ನೆರಿಗೆಗಟ್ಟುತ್ತದೆ, ಹೀಗೆ ಎಳೆಯುವುದಿಲ್ಲ. ದೋಷದ ಕಾರಣ ತಪ್ಪಾಗಿ ಹೇಳಿದರೂ ಚಿತ್ರದ ಬಲಕ್ಕೆ ಕುಂದಾಗಲಿಲ್ಲ ಎನ್ನುವುದು ಬೇರೆ ಮಾತು.

ತೊಳೆಯುವ ನಡುವೆ ದೀಪ ಹತ್ತಿತು

ಪ್ಯಾರಿಸ್ಸಿನಲ್ಲಿ ಅಮೆರಿಕದ ಕಲಾವಿದ-ಛಾಯಾಗ್ರಾಹಕ ಮ್ಯಾನ್ ರೇಯ ಸ್ಟುಡಿಯೊ, ಸುಮಾರು 1929. ಕತ್ತಲೆ ಕೋಣೆಯಲ್ಲಿ ಅವನ ಸಹಾಯಕಿ ಲೀ ಮಿಲ್ಲರ್ ಕಾಲ ಮೇಲೆ ಏನೋ ಹರಿದಂತಾಯಿತು. ಅವಳು ಬೆಚ್ಚಿ ದೀಪ ಹಾಕಿದಳು. ಡೆವಲಪರಿನಲ್ಲಿದ್ದ ನೆಗೆಟಿವ್‌ಗಳಿಗೆಲ್ಲ ಬೆಳಕು ಬಿತ್ತು. ಮ್ಯಾನ್ ರೇ ಅವನ್ನು ತಕ್ಷಣ ಹೈಪೋಗೆ, ಅಂದರೆ ಫಿಕ್ಸರಿಗೆ, ಹಾಕಿದ. ಪ್ರಿಂಟಿನಲ್ಲಿ ಕಪ್ಪು ಹಿನ್ನೆಲೆ ತಿಳಿಯಾಗಿ ಬಂತು, ಆದರೆ ಚಿತ್ರದಲ್ಲಿದ್ದ ಮೈಯ ಅಂಚಿನವರೆಗೆ ಬಂದು ನಿಂತು ಸುತ್ತಲೂ ಒಂದು ಗೆರೆ ಉಳಿಯಿತು. ಮಿಲ್ಲರ್ ಮುಂದೆ ಹೇಳಿಕೊಂಡದ್ದು ಹೀಗೆ. ವಿದ್ಯಮಾನವನ್ನು ಫ್ರಾನ್ಸಿನ ಅರ್ಮಾಂಡ್ ಸಬಾಟಿಯೆ 1862ರಲ್ಲೇ ವಿವರಿಸಿದ್ದ. ಆದರೆ ದೋಷವೆಂದು ಬಿಟ್ಟದ್ದನ್ನು ಪಟ್ಟು ಹಿಡಿದು ಶೈಲಿಯಾಗಿ ಮಾಡಿದ್ದು ಇವರಿಬ್ಬರು.

ನಿಮ್ಮ ಟ್ಯಾಂಕಿನ ಮುಚ್ಚಳ ನಡುವೆ ಕಳಚಿಕೊಂಡರೆ ಬರುವುದು ಇದೋ, ಬರೀ ಫಾಗೋ? ಬರೀ ಫಾಗ್ ಎಲ್ಲವನ್ನೂ ಒಂದೇ ಸಮ ಕಪ್ಪಾಗಿಸುತ್ತದೆ. ಸಬಾಟಿಯೆ ಪರಿಣಾಮದಲ್ಲಿ ಕೆಲವು ಟೋನುಗಳು ಮಾತ್ರ ತಿರುಗಿಬೀಳುತ್ತವೆ, ಎರಡು ಟೋನಿನ ಗಡಿಯಲ್ಲಿ ಸಣ್ಣ ಗೆರೆ ಉಳಿಯುತ್ತದೆ. ಆಗಲೇ ಡೆವಲಪ್ ಆದ ಜಾಗದಲ್ಲಿ ಬೆಳ್ಳಿ ಖರ್ಚಾಗಿದೆ. ಆಗದ ಜಾಗ ಹೊಸ ಬೆಳಕಿಗೆ ಕಪ್ಪಾಗುತ್ತದೆ. ಗಡಿಯಲ್ಲಿ ಮಾತ್ರ ಸೋರಿದ ಬ್ರೋಮೈಡ್ ಎರಡಕ್ಕೂ ಅಡ್ಡ ನಿಲ್ಲುತ್ತದೆ. ನೆಗೆಟಿವಿಗೆ ಆಗಿದ್ದರೆ ಪ್ರಿಂಟಿನಲ್ಲಿ ಗೆರೆ ಕಪ್ಪು, ಪ್ರಿಂಟಿಗೇ ಆಗಿದ್ದರೆ ಗೆರೆ ಬಿಳಿ. ಗೆರೆಯ ಬಣ್ಣ ನೋಡಿ ಯಾವ ಹಂತದಲ್ಲಿ ದೀಪ ಹತ್ತಿತೆಂದು ಹೇಳಬಹುದು.

ಮತ್ತೆ ಮಾಡಬೇಕೆಂದರೆ ಅಸಲು ನೆಗೆಟಿವನ್ನು ಮುಟ್ಟಬೇಡಿ. ಪೇಪರಿನ ಮೇಲೆ ಶುರುಮಾಡಿ: ಪ್ರಿಂಟ್ ಅರ್ಧ ಮೂಡಿದಾಗ ಟ್ರೇ ಅಲುಗಿಸುವುದನ್ನು ನಿಲ್ಲಿಸಿ, ಕಡಿಮೆ ವ್ಯಾಟಿನ ಬಲ್ಬನ್ನು ಒಂದು ಕ್ಷಣ ಹಾಕಿ ಆರಿಸಿ, ಅಲುಗಿಸದೆ ಉಳಿದ ಸಮಯ ಬಿಡಿ. ಅಲುಗಿಸಿದರೆ ಬ್ರೋಮೈಡ್ ಚದುರಿ ಗೆರೆ ಹೋಗುತ್ತದೆ. ಎಷ್ಟು ಹೊತ್ತಿಗೆ ದೀಪ, ಎಷ್ಟು ದೂರದಿಂದ ಎಂಬುದನ್ನು ಪ್ರಿಂಟಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಈ ಪ್ರಯೋಗ ಜೂಜಿನಂತೆ ಕಾಣುವುದು ಬರೆದಿಡದವರಿಗೆ.

ಮಿಂಚು, ವಾಲಿದ ಚಕ್ರ

ಒಣಹವೆಯ ದಿನ ಫಿಲಂ ಅನ್ನು ರಭಸವಾಗಿ ಹಿಂದಕ್ಕೆ ಸುತ್ತಿದರೆ ಸ್ಥಿರವಿದ್ಯುತ್ತಿನ ಕಿಡಿ ಹಾರಿ ಕವಲೊಡೆದ ಗೆರೆಗಳು, ಚುಕ್ಕೆಗಳ ಗೊಂಚಲು ಮೂಡುತ್ತವೆ. ಪ್ರಿಂಟಿನಲ್ಲಿ ಬೆಳ್ಳಿ ಬೇರುಗಳ ಹಾಗೆ. ಗೀರು ಬಿದ್ದದ್ದು ಇದಲ್ಲ. ಗೀರು ಫಿಲಂನ ಉದ್ದಕ್ಕೆ ನೆಟ್ಟಗೆ ಓಡುತ್ತದೆ, ಕವಲೊಡೆಯುವುದಿಲ್ಲ. ಕರಾವಳಿಯವರಿಗೆ ಈ ಕಾಟ ಕಡಿಮೆ. ಬೇಡದವರು ನಿಧಾನವಾಗಿ ಸುತ್ತಲಿ. ಬೇಕಾದವರ ಪೈಕಿ ಜಪಾನಿನ ಛಾಯಾಗ್ರಾಹಕ ಹಿರೋಷಿ ಸುಗಿಮೊಟೊ ಬಹಳ ದೂರ ಹೋದ: ಕತ್ತಲೆ ಕೋಣೆಯಲ್ಲಿ ಕಾಡುತ್ತಿದ್ದ ಇದೇ ಕಿಡಿಯನ್ನು ಹಿಡಿಯಲೆಂದು 4,00,000 ವೋಲ್ಟಿನ ವಾನ್ ಡಿ ಗ್ರಾಫ್ ಯಂತ್ರ ತಂದು, ಕ್ಯಾಮೆರಾವೇ ಇಲ್ಲದೆ, ನೇರವಾಗಿ ಫಿಲಂ ಮೇಲೆ ಮಿಂಚು ಹರಿಸಿದ.

ಓಡುವ ವಾಹನ ಮುಂದಕ್ಕೆ ವಾಲಿ, ಚಕ್ರ ಮೊಟ್ಟೆಯಾಕಾರ ತಾಳಿದ್ದರೆ ಲೆನ್ಸ್ ಕೆಟ್ಟಿಲ್ಲ. ಷಟರಿನ ಸೀಳು ಫ್ರೇಮನ್ನು ದಾಟುವಷ್ಟರಲ್ಲಿ ವಾಹನ ಮುಂದೆ ಹೋಗಿದೆ. ಮೇಲೂ ಕೆಳಗೂ ಬೇರೆ ಬೇರೆ ಕ್ಷಣದಲ್ಲಿ ದಾಖಲಾಗಿವೆ. ಫ್ರಾನ್ಸಿನ ಛಾಯಾಗ್ರಾಹಕ ಲಾರ್ತಿಗ್ 1910ರ ದಶಕದ ಆರಂಭದಲ್ಲಿ ರೇಸ್ ಕಾರಿನ ಜೊತೆ ಕ್ಯಾಮೆರಾ ತಿರುಗಿಸುತ್ತಾ ತೆಗೆದ ಚಿತ್ರದಲ್ಲಿ ಚಕ್ರ ಒಂದು ಕಡೆ ವಾಲಿದರೆ ಪ್ರೇಕ್ಷಕರು, ಕಂಬಗಳು ಇನ್ನೊಂದು ಕಡೆ ವಾಲಿದ್ದಾರೆ. ಅವನು ತಿರುಗಿಸಿದ್ದು ಕಾರಿಗಿಂತ ನಿಧಾನ, ನಿಂತವರಿಗಿಂತ ವೇಗ. ಅದಕ್ಕೇ ಎರಡು ದಿಕ್ಕು. ಫೋನಿನಲ್ಲಿ ಬಸ್ಸಿನ ಕಿಟಕಿಯಿಂದ ತೆಗೆದ ಲೈಟುಕಂಬ ವಾಲುವುದೂ ಇದೇ ಕಾರಣಕ್ಕೆ. ಸೀಳು ಅಡ್ಡಡ್ಡ ಓಡುವ ಬಟ್ಟೆಯ ಷಟರಿನಲ್ಲಿ ವಾಲುವ ಬದಲು ವಾಹನ ಉದ್ದವಾಗುತ್ತದೆ ಅಥವಾ ಕುಗ್ಗುತ್ತದೆ. ಫ್ಲಾಷ್ ಚಿತ್ರಗಳಲ್ಲಿ ಮಾತ್ರ ಅರ್ಧ ಫ್ರೇಮು ಕತ್ತಲಾಗಿದ್ದರೆ ಷಟರನ್ನು, ಫ್ಲಾಷ್ ಬೆಳಗುವಾಗ ಫ್ರೇಮು ಪೂರ್ತಿ ತೆರೆದಿರುವ ಸಿಂಕ್ ವೇಗಕ್ಕೆ, ಹಳೆಯ ಕ್ಯಾಮೆರಾಗಳಲ್ಲಿ ಹೆಚ್ಚಾಗಿ 1/60ಕ್ಕೆ, ಇಳಿಸಿ. ಹಗಲಲ್ಲೂ 1/1000ದಲ್ಲಿ ಒಂದು ಬದಿ ಕತ್ತಲಾದರೆ ಷಟರಿನ ಎರಡು ಪರದೆಗಳ ಓಟ ಸಮನಾಗಿಲ್ಲ, ಅದು ರಿಪೇರಿಯವನ ಕೆಲಸ.

ಮೆಚ್ಚಬಾರದ ಆಕಸ್ಮಿಕ

ಒಂದು ದೋಷ ಮಾತ್ರ ಎಷ್ಟೇ ಚೆಂದ ಕಂಡರೂ ಬಿಡಬೇಡಿ. ನೆರಳುಗಳಲ್ಲಿ ಹಾಲು ಕಲಸಿದಂಥ ಮಂಜು, ಇಡೀ ಚಿತ್ರಕ್ಕೆ ಕನಸಿನ ತೆಳುಪರದೆ. ಇದು ಫಿಕ್ಸ್ ಆಗದೆ ಉಳಿದ ಬೆಳ್ಳಿ ಲವಣ. ಸ್ಕ್ಯಾನ್ ಮಾಡಿ ಹಂಚಿಕೊಂಡು ಮೆಚ್ಚುಗೆ ಪಡೆಯುವಷ್ಟರಲ್ಲಿ ನೆಗೆಟಿವ್ ಕಂದುಗಟ್ಟಲು ಶುರುವಾಗಿರುತ್ತದೆ. ತೆಳು ಗುಲಾಬಿ ಅಥವಾ ನೇರಳೆ ಛಾಯೆ ಬೇರೆ. ಕೆಲವು ಫಿಲಂಗಳಲ್ಲಿ ಅದು ಉಳಿದ ವರ್ಣಕ, ಇನ್ನಷ್ಟು ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ. ಆದರೆ ಛಾಯೆ ಹೆಚ್ಚೇ ಉಳಿದಿದ್ದರೆ ಫಿಕ್ಸರನ್ನೂ ಅನುಮಾನಿಸಬೇಕು.

ಫಿಕ್ಸರ್ ಸರಿಯಾಗಿದೆಯೇ ಎಂದು ತಿಳಿಯಲು ಪ್ರತಿ ರೋಲಿಗೂ ಮುಂಚೆ, ದೀಪ ಹಾಕಿಯೇ, ರೋಲಿನಿಂದ ಕತ್ತರಿಸಿದ ತುದಿಯ ಚೂರನ್ನು ಅದರಲ್ಲಿ ಅದ್ದಿ. ಚೂರು ತಿಳಿಯಾಗಲು ಹಿಡಿದ ಹೊತ್ತಿನ ಎರಡು ಪಟ್ಟು ಫಿಕ್ಸ್ ಮಾಡಬೇಕು, ಟಿ-ಮ್ಯಾಕ್ಸ್, ಡೆಲ್ಟಾದಂಥ ಚಪ್ಪಟೆ ಹರಳಿನ ಫಿಲಂಗಳಿಗೆ ಮೂರು ಪಟ್ಟು. ಹೊಸ ಫಿಕ್ಸರಿನಲ್ಲಿ ಅದೇ ಫಿಲಂನ ಚೂರಿಗೆ ಹಿಡಿದ ಸಮಯ ಬಾಟಲಿಯ ಮೇಲೆ ಬರೆದಿಟ್ಟಿರಿ; ಈಗ ಅದರ ಎರಡು ಪಟ್ಟು ಬೇಕಾದರೆ ಆ ಫಿಕ್ಸರ್ ಬಿಸಾಡುವ ಹೊತ್ತು. ಮಂಜು ಕವಿದ ನೆಗೆಟಿವ್ ಈಗಾಗಲೇ ಕೈಯಲ್ಲಿದ್ದರೆ ಗಾಬರಿ ಬೇಡ. ಹೊಸ ಫಿಕ್ಸರಿನಲ್ಲಿ ಐದು ನಿಮಿಷ ಅದ್ದಿ, ನೀರು ಬದಲಾಯಿಸುತ್ತಾ ತೊಳೆದು ಒಣಗಿಸಿ. ಇದಕ್ಕೆ ಕತ್ತಲೆ ಕೋಣೆ ಬೇಕಿಲ್ಲ, ಅಡುಗೆಮನೆಯ ದೀಪದಲ್ಲೇ ಮಾಡಬಹುದು. ಆ ಪಾತ್ರೆಯನ್ನು ಮಾತ್ರ ಮತ್ತೆ ಅಡುಗೆಗೆ ಇಡಬೇಡಿ.